ಎಡಗಡೆಯ ಹಿಂದಿನ ಗಾಲಿ

ಗ್ಯಾರೇಜಿನವರ ಕೈಗೆ ಗಾಲಿ ಕೊಟ್ಟವನು ಕಣ್ಣನ್ನೂ ಅಲ್ಲೇ ಇಟ್ಟು ಕೂಡಬೇಕು ಎಂದು ವೀರಭದ್ರ ಹೇಳುತ್ತಿದ್ದ. ಅವನು ತೀರಿಹೋಗಿ ವರ್ಷ ತುಂಬುತ್ತ ಬಂದಿತ್ತು. ಅವನ ಜೀಪು ಮನೆಯಲ್ಲಿ ಉಳಿದಿತ್ತು, ಅವನ ಮಾತೂ ಉಳಿದಿತ್ತು. ಅದಕ್ಕೇ ಆ ಬೆಳಿಗ್ಗೆ ಅವನ ತಮ್ಮ ಗುರುನಾಥ ಜೀಪಿನ ಹಿಂದಿನ ಗಾಲಿಗಳಿಗೆ ಹೊಸ ಟಾಯರ್ ಹಾಕಿಸಲು ಹೊರಟಾಗ ಅತ್ತಿಗೆ ವಿದ್ಯಾವತಿಯನ್ನೂ ಕರೆದ.

"ನೀವ ಬಂದು ಕುಂದರ್ರಿ ವೈನಿ. ನಾ ಅಷ್ಟರಾಗ ಹಣ್ಣು, ಹೂವು ತಂದು ಬಿಡ್ತೀನಿ. ಅಣ್ಣ ಇದ್ದಿದ್ರ ಅವನ ಕುಂದರ್ತಿದ್ದ."

ಬಸವಕಲ್ಯಾಣದಿಂದ ಬಂಗ್ಲಾ ಕ್ರಾಸಿಗೆ ಹೋಗುವ ದಾರಿಯಲ್ಲಿ, ಊರು ಮುಗಿಯುವಲ್ಲಿ ಆ ಗ್ಯಾರೇಜು. ಸೈಫುದ್ದೀನ್ ಮತ್ತು ಸತೀಶಕುಮಾರ ಅದರ ಪಾಲುದಾರರು. ಗಾಲಿ ಬಿಚ್ಚುವುದು, ಹಾಕುವುದು ಸೈಫುದ್ದೀನನ ಕೆಲಸ. ಟಾಯರ್ ಏರಿಸುವುದು, ಗಾಳಿ ತುಂಬುವುದು ಸತೀಶನದು. ಇಬ್ಬರೂ ಕೆಟ್ಟವರಲ್ಲ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕುವುದು ಮಾತ್ರ ಅವರಿಗೆ ಉಸಿರಾಡಿದಷ್ಟು ಸಲೀಸು. ಒಮ್ಮೆ ಟಾಯರನ್ನು ಒಳಮೈ ಹೊರಗೆ ಮಾಡಿ ಏರಿಸಿದ್ದರು. ಒಮ್ಮೆ ಸೊಟ್ಟ ಕೂತ ನಟ್ಟನ್ನು ಸುತ್ತಿಗೆಯಿಂದ ಬಡಿದು ಬಡಿದು ಬೋಲ್ಟನ್ನೇ ಮುರಿದಿದ್ದರು. ಇನ್ನೊಮ್ಮೆ ಅವರ ಸ್ಕ್ರೂಡ್ರೈವರು ಜೀಪಿನ ಬಾನೆಟ್ಟಿನೊಳಗೆ ಕೂತು ನಿರ್ಣಾ ಹಳ್ಳಿಯ ಹೊಲಕ್ಕೆ ಹೋಗಿ ಬಂದಿತ್ತು. ಪ್ರತಿ ಸಲವೂ ವೀರಭದ್ರ ಜಗಳ ತೆಗೆಯುತ್ತಿದ್ದ, ಪ್ರತಿ ಸಲವೂ ಅಲ್ಲಿಗೇ ಹೋಗುತ್ತಿದ್ದ. ಯಾಕೆ ಎಂದು ಕೇಳಿದರೆ, "ಬ್ಯಾರೆ ಗ್ಯಾರೇಜಿಗೆ ಹೋದ್ರ ಹೊಸಾ ತಪ್ಪು ಹುಡುಕಬೇಕಾಗ್ತದ. ಇವರ ತಪ್ಪು ನನಗ ಬಾಯಿಪಾಠ ಆಗ್ಯಾವ" ಎನ್ನುತ್ತಿದ್ದ.

ಜೀಪಿನ ಹಿಂದಿನ ಸೀಟಿನಡಿ ನಟ್ಟು ಬಿಗಿಯುವ ಅವನದೇ ಒಂದು ಪಾನಾ ಇರುತ್ತಿತ್ತು, ಗೋಣಿತಟ್ಟಿನಲ್ಲಿ ಸುತ್ತಿದ್ದು. ಗಾಲಿಯ ಕೆಲಸವಾದ ದಿನ ಊರು ದಾಟಿ ಒಂದಷ್ಟು ದೂರ ಹೋದ ಮೇಲೆ ಜೀಪು ನಿಲ್ಲಿಸಿ, ಒಂದೊಂದು ನಟ್ಟಿಗೂ ಪಾನಾ ಹಚ್ಚಿ, ಅದರ ಮೇಲೆ ಹತ್ತಿ ನಿಲ್ಲುತ್ತಿದ್ದ. ಬಿಚ್ಚಿ ಹಾಕಿದ ಗಾಲಿ ನಾಕು ಹೆಜ್ಜೆ ಉರುಳಿದ ಮೇಲೇ ತನ್ನ ಜಾಗದಲ್ಲಿ ಕೂರುತ್ತದೆ, ಆಗ ನಟ್ಟು ಸಡಿಲಾಗುತ್ತದೆ, ಇನ್ನೊಮ್ಮೆ ಬಿಗಿಯಬೇಕು ಎಂಬುದು ಅವನ ಲೆಕ್ಕ. ಗ್ಯಾರೇಜಿನಲ್ಲಿ ಅವನಿಗೆ 'ಪಾನಾ ಸಾವಕಾರ' ಎಂದೇ ಹೆಸರು. ಹೊಸದಾಗಿ ಮದುವೆಯಾದಾಗ ವಿದ್ಯಾವತಿ ಜೀಪಿನೊಳಗೆ ಸೆರಗಿನಿಂದ ಮುಖ ಮರೆಮಾಡಿ ಕೂರುತ್ತಿದ್ದಳು. ಹೋಗಿ ಬರುವವರೆಲ್ಲ ನೋಡಿ ನಗುತ್ತಿದ್ದರು.

ಆ ಬೆಳಿಗ್ಗೆ ಬಲಗಡೆಯ ಗಾಲಿ ಮುಗಿಯಿತು. ಸೈಫುದ್ದೀನ್ ಜಾಕ್ ಇಳಿಸಿ, ಪಾನಾ ಹಚ್ಚಿ, ಅದರ ಮೇಲೆ ಕಾಲಿಟ್ಟು ಮೈಭಾರ ಬಿಟ್ಟ. ಒಂದೊಂದು ನಟ್ಟಿಗೂ 'ಕಟ್' ಎಂದು ಸಪ್ಪಳವಾಯಿತು. ಆಮೇಲೆ ಎಡಗಡೆಯದು. ಗಾಲಿ ಎತ್ತಿ ಕೂರಿಸಿ, ನಟ್ಟುಗಳನ್ನು ಬೆರಳಿನಿಂದ ತಿರುಗಿಸಿ ಹಚ್ಚುತ್ತಿದ್ದ. ಅಷ್ಟರಲ್ಲಿ ಊರ ಕಡೆಯಿಂದ ಮಯ್ಯತ್ ಬಂತು, ಹೆಣ ಹೊತ್ತವರ ಸಾಲು.

ರಸ್ತೆಯ ಗಾಡಿಗಳೆಲ್ಲ ನಿಂತವು. ಸೈಫುದ್ದೀನ್ ಎದ್ದ. ಪಾನಾ ನೆಲಕ್ಕಿಟ್ಟ. ಚಿಂದಿಗೆ ಕೈ ಒರೆಸಿಕೊಂಡು, ತಲೆಗೆ ಕರವಸ್ತ್ರ ಕಟ್ಟಿ, ರಸ್ತೆಗೆ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ. ಜನರ ಜೊತೆ ಮುಂದೆ ನಡೆದುಹೋದ.

ವಿದ್ಯಾವತಿ ಸ್ಟೂಲಿನಿಂದ ಎದ್ದು ನಿಂತಳು, ಎಲ್ಲರೂ ನಿಂತಿದ್ದರಿಂದ. ಇಂಥದು ಎದುರಾದಾಗ ಏನು ಮಾಡಬೇಕೆಂದು ಈ ವರ್ಷ ಅವಳು ಕಲಿತಿದ್ದಳು. ಮೈಯನ್ನು ಅಲ್ಲೇ ನಿಲ್ಲಿಸಿ ತಾನು ಎಲ್ಲೋ ಹೋಗಿಬಿಡುತ್ತಿದ್ದಳು. ಕಣ್ಣು ನೆಲದ ಮೇಲಿನ ಪಾನಾದ ಮೇಲಿತ್ತು, ಆದರೆ ನೋಡುತ್ತಿರಲಿಲ್ಲ. ಅವಳು ತಿರುಗಿ ಬರುವಷ್ಟರಲ್ಲಿ ಜಾಕ್ ಇಳಿದಿತ್ತು. ಸತೀಶ ಗಾಲಿಗೆ ಪ್ಲಾಸ್ಟಿಕ್ ಮುಚ್ಚಳ ಕೂರಿಸಿ ಅಂಗೈಯಿಂದ ಬಡಿಯುತ್ತಿದ್ದ. ಗುರುನಾಥ ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದ.

"ಆತೇನೋ ಸತೀಶ?"

"ಆತ್ರೀ ಗುರಣ್ಣ."

"ಆತೇನ್ರಿ ವೈನಿ?"

"ಹೂಂ" ಎಂದಳು ವಿದ್ಯಾವತಿ.

ಮನೆಯಲ್ಲಿ ಗಡಿಬಿಡಿ. ನಾದಿನಿ ದೀಪಾಲಿಯ ಮದುವೆಯ ತಾರೀಖು ಹಿಡಿಯಲು ಮಾವ ಮಹಾರುದ್ರಪ್ಪ, ಅತ್ತೆ ತುಳಜಾಬಾಯಿ, ಜೊತೆಗೆ ಇಬ್ಬರು ಹಿರಿಯರು ಹುಮನಾಬಾದಿಗೆ ಹೊರಟಿದ್ದರು. ವಿದ್ಯಾವತಿಗೆ ಬರಬೇಡ ಎಂದು ಯಾರೂ ಅನ್ನಲಿಲ್ಲ. ಕಲ್ಯಾಣದಲ್ಲಿ ಹುಟ್ಟಿದವರಿಗೆ ಶಕುನ, ಅಪಶಕುನ ಎಲ್ಲಿಯದು ಎಂದು ಮಹಾರುದ್ರಪ್ಪ ಯಾವಾಗಲೂ ಹೇಳುತ್ತಿದ್ದರು. ಆದರೆ ಬಾ ಎಂದೂ ಯಾರೂ ಅನ್ನಲಿಲ್ಲ. ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು.

ತುಳಜಾಬಾಯಿ ಅಂಗಳದಲ್ಲಿ ಎಲ್ಲರ ಮುಂದೆ ಕೈಚೀಲ ಹಿಡಿದರು. "ಫೋನ್ ಹಾಕ್ರಿ. ಬಂದ್ ಮಾಡಿ ಹಾಕ್ರಿ. ಮಾತು ಮುಗಿಯೋತನಕ ಯಾರದೂ ಸಪ್ಪಳ ಬ್ಯಾಡ."

ಯಾಕೆಂದು ಯಾರೂ ಕೇಳಲಿಲ್ಲ. ಹೋದ ವರ್ಷ ದೀಪಾಲಿಗೆಂದೇ ಚಿಟಗುಪ್ಪದ ವರನ ಮನೆಗೆ ಹೊರಟಾಗ ಅರ್ಧ ದಾರಿಯಲ್ಲಿ ಫೋನು ಬಂದಿತ್ತು. ಮಾಡಿದವಳು ವಿದ್ಯಾವತಿ. "ಅತ್ತೀ, ಹೊಳ್ಳಿ ಬರ್ರಿ" ಎಂದಷ್ಟೇ ಹೇಳಿದ್ದಳು. ವೀರಭದ್ರ ಹಿತ್ತಲಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದ, ಅವರು ಬಂದು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಚಿಟಗುಪ್ಪದವರು ಆಮೇಲೆ ಆ ಮಾತು ಎತ್ತಲಿಲ್ಲ. ಶಕುನ ನಂಬದ ಮಹಾರುದ್ರಪ್ಪ ತಮ್ಮ ಫೋನನ್ನು ಎಲ್ಲರಿಗಿಂತ ಮೊದಲು ಹೆಂಡತಿಯ ಚೀಲಕ್ಕೆ ಹಾಕಿದರು.

ಜೀಪು ಹೋಯಿತು. ವಿದ್ಯಾವತಿ ಅಂಗಳಕ್ಕೆ ಬಂದಳು. ಹೂವಿನ ಎಸಳು, ತೆಂಗಿನ ನಾರು ಗುಡಿಸಿ ಒಂದು ಮೂಲೆಗೆ ಮಾಡಿದಳು. ದನಗಳಿಗೆ ನೀರಿಟ್ಟಳು. ಕೈ ತೊಳೆದುಕೊಳ್ಳಲು ಗೋಡೆಯ ಕಡೆ ತಿರುಗಿದಾಗ ಗೋಣಿತಟ್ಟಿನ ಗಂಟು ಕಂಡಿತು. ಹಿತ್ತಾಳೆ ತಾಟು, ಹಣ್ಣಿನ ಬುಟ್ಟಿ ಇಡಲು ಜಾಗ ಸಾಲದೆ ಯಾರೋ ಅದನ್ನು ಸೀಟಿನಡಿಯಿಂದ ತೆಗೆದು ಗೋಡೆಗೆ ಒರಗಿಸಿದ್ದರು.

ಅವಳು ಅದನ್ನು ಎತ್ತಿಕೊಂಡಳು. ಭಾರವಿತ್ತು. ಆ ಭಾರ ಕೈಗೆ ಬಂದದ್ದೇ ತಡ, ಬೆಳಗಿನ ಸಪ್ಪಳ ಕಿವಿಗೆ ಬಂತು. ಕಟ್, ಕಟ್. ಬಲಗಡೆ. ಎಡಗಡೆಯದನ್ನು ನೆನೆಯಲು ಹೋದಳು. ಬೆರಳು ನೆನಪಾಯಿತು. ನೆಲದ ಮೇಲಿನ ಪಾನಾ ನೆನಪಾಯಿತು. ಅಂಗೈಯಿಂದ ಬಡಿದ ಮುಚ್ಚಳ ನೆನಪಾಯಿತು. ಸಪ್ಪಳ ಮಾತ್ರ ನೆನಪಾಗಲಿಲ್ಲ.

"ದೀಪಾಲಿ, ನಿನ್ನ ಫೋನ್ ಕೊಡವ್ವಾ."

"ಯಾರಿಗೆ?"

"ಗುರುನಾಥಗ. ಗಾಲಿ ಬಿಗಿ ಆಗಿಲ್ಲ ಅನಸ್ತದ."

ದೀಪಾಲಿ ಫೋನನ್ನು ಎದೆಗೆ ಒತ್ತಿ ಹಿಡಿದಳು. "ಬ್ಯಾಡ್ರಿ ವೈನಿ. ಹೋದವರಿಗೆ ಹಿಂದಿಂದ ಕರೀಬಾರದು."

"ಕೊಡು."

"ಹ್ವಾದ ಸಲಾನೂ ನೀವ ಕರದ್ರಿ."

ಆಡಿದ ಮೇಲೆ ದೀಪಾಲಿಗೇ ತಾನು ಏನೆಂದೆ ಎಂಬುದು ತಿಳಿಯಿತು. ವಿದ್ಯಾವತಿಯ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಹೌದು. ನಾನ ಕರದೆ" ಎಂದಳು. "ಇವತ್ತೂ ನಾನ ಕರೀಬೇಕಾಗ್ಯದ."

"ನಿಮಗ ಖಾತ್ರಿ ಐತೇನು?"

"ಇಲ್ಲ."

ಫೋನು ಹಚ್ಚಿದರು. ಗುರುನಾಥನದು ಬಂದ್. ಮಾವನದು ಬಂದ್. ಅತ್ತೆಯದು ಬಂದ್. ಹಿರಿಯರ ನಂಬರು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರ ಫೋನುಗಳೂ ಅದೇ ಚೀಲದಲ್ಲಿದ್ದವು. ಹುಮನಾಬಾದಿನ ಬೀಗರ ಮನೆಗೆ ಫೋನು ಮಾಡಬಹುದಿತ್ತು. ಆದರೆ ಜೀಪು ಅಲ್ಲಿಗೆ ಮುಟ್ಟಿದ್ದರೆ ಹೇಳುವ ಅಗತ್ಯವೇ ಇರಲಿಲ್ಲ.

ಸುಳ್ಳಾದರೆ ಏನಾಗುತ್ತದೆಂದು ವಿದ್ಯಾವತಿಗೆ ಗೊತ್ತಿತ್ತು. ಗಾಲಿ ಗಟ್ಟಿಯಿದ್ದು, ತಾನು ನಡುದಾರಿಯಲ್ಲಿ ಅಡ್ಡ ನಿಂತು, ಈ ಸಂಬಂಧವೂ ಯಾವುದೋ ಕಾರಣಕ್ಕೆ ಮುರಿದರೆ, ಆ ಮನೆಯಲ್ಲಿ ಯಾರೂ ಒಂದು ಮಾತೂ ಅನ್ನುವುದಿಲ್ಲ. ಅನ್ನದೆಯೇ ಇರುತ್ತಾರೆ, ಅವಳು ಇರುವಷ್ಟು ಕಾಲ. ಅವಳು ಗೋಣಿಗಂಟನ್ನು ಸ್ಕೂಟಿಯ ಕಾಲಡಿ ಇಟ್ಟುಕೊಂಡು ಹೊರಟಳು.

ಗ್ಯಾರೇಜು ದಾರಿಯಲ್ಲೇ ಇತ್ತು. ಸೈಫುದ್ದೀನ್ ತಿರುಗಿ ಬಂದು ಒಂದು ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತಿದ್ದ.

"ನಮ್ಮ ಜೀಪಿಂದು ಎಡಗಡಿ ಗಾಲಿ ಟೈಟ್ ಮಾಡಿರೇನು?"

"ಮಾಡೀನ್ರಿ ಅಕ್ಕಾ." ತಲೆ ಎತ್ತಲಿಲ್ಲ.

ಸತೀಶ ನಕ್ಕ. "ಪಾನಾ ಸಾವಕಾರ್ರ ಮನಿಯವರು ನೋಡಪ್ಪಾ. ಚೆಕ್ಕಿಂಗ್ ಬಂದಾರ."

"ಯಾವಾಗ ಮಾಡಿದ್ರಿ?"

"ಯಾವಾಗ ಅಂದ್ರ? ಗಾಲಿ ಹಾಕಿದಾಗ ಮಾಡೀನಿ."

"ಗಾಲಿ ಹಾಕಾಕತ್ತಾಗ ಮಯ್ಯತ್ ಬಂತು. ನೀವು ಎದ್ದು ಹೋದ್ರಿ."

ಸೈಫುದ್ದೀನನ ಕೈ ನಿಂತಿತು. ಅವನು ಸತೀಶನ ಕಡೆ ನೋಡಿದ. ಸತೀಶ ಅವನ ಕಡೆ ನೋಡಿದ.

"ನೀ ಮಾಡಿದಿಲ್ಲೋ?" ಎಂದ ಸೈಫುದ್ದೀನ್.

"ನಾ ಯಾಕ ಮಾಡ್ಲಿ? ನೀ ಮಾಡೇ ಹೋಗಿದ್ದಿ ಅಂತ ಜಾಕ್ ಇಳಿಸಿದೆ, ಮುಚ್ಚಳ ಹಾಕಿದೆ."

"ನಾ ಬರೇ ಬೆರಳಿಲೆ ಹಚ್ಚಿದ್ದೆ."

ಗಾಳಿ ತುಂಬುವ ಯಂತ್ರ ಒಂದೇ ಸಮನೆ ಗುಡುಗುಡು ಎನ್ನುತ್ತಿತ್ತು. ಸತೀಶ ಅದನ್ನು ಬಂದ್ ಮಾಡಿದ. ಸೈಫುದ್ದೀನ್ ಪಾನಾ ಎತ್ತಿಕೊಂಡು ತನ್ನ ಮೋಟಾರ್‌ಸೈಕಲ್ಲಿನ ಕಡೆ ಓಡಿದ, ಅರ್ಧಕ್ಕೇ ನಿಂತ. ಅದರ ಹಿಂದಿನ ಟಾಯರು ನೆಲಕ್ಕೆ ಅಂಟಿಕೊಂಡಿತ್ತು.

"ಪಂಕ್ಚರ್ ಐತ್ರಿ" ಎಂದ, ಸಣ್ಣ ದನಿಯಲ್ಲಿ.

"ಹಿಂದ ಕುಂದರ್ರಿ" ಎಂದಳು ವಿದ್ಯಾವತಿ.

ಅವನು ಒಂದು ಕ್ಷಣ ಹಿಂದುಮುಂದು ನೋಡಿದ. ಆಮೇಲೆ ಪಾನಾ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಸೀಟಿನ ತುದಿಗೆ ಸರಿದು, ಬೀಳುತ್ತಾನೋ ಎಂಬಂತೆ ಕೂತ. ಬಂಗ್ಲಾ ಕ್ರಾಸಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಕೈಯಲ್ಲೇ ಹಿಡಿದು ನೋಡಿದರು. ಮಹಾರುದ್ರಪ್ಪನವರ ಸೊಸೆ, ಹಿಂದೆ ಪಾನಾ ಹಿಡಿದ ಸೈಫುದ್ದೀನ್. ಸಂಜೆಯೊಳಗೆ ಇದು ಊರು ಸುತ್ತುತ್ತದೆ. ಸುತ್ತಲಿ ಎಂದು ಅವಳು ಹೆದ್ದಾರಿಗೆ ತಿರುಗಿಸಿದಳು.

ಲಾರಿಗಳು ಮೈ ಸವರುವಂತೆ ದಾಟುತ್ತಿದ್ದವು. ಅವಳ ಕಣ್ಣು ರಸ್ತೆಗಿಂತ ಹೆಚ್ಚು ರಸ್ತೆಯ ಅಂಚಿನಲ್ಲಿತ್ತು. ಎಲ್ಲಿ ಹುಲ್ಲು ಉಜ್ಜಿಹೋಗಿ ಮಣ್ಣು ಕಂಡರೂ ಅಲ್ಲಿ ನೋಡುತ್ತಿದ್ದಳು. ಜೀಪು ನೆಟ್ಟಗೆ ನಿಂತದ್ದು ಅವಳ ಕಲ್ಪನೆಗೆ ಬರುತ್ತಲೇ ಇರಲಿಲ್ಲ.

"ಮೊಹಿನುದ್ದೀನ್ ಚಾಚಾನ ಮಯ್ಯತ್ ರೀ ಅದು" ಎಂದ ಸೈಫುದ್ದೀನ್ ಹಿಂದಿನಿಂದ, ಗಾಳಿಗೆ ಎದುರಾಗಿ ದನಿ ಏರಿಸಿ. "ನನಗ ಪಾನಾ ಹಿಡಿಯೋದು ಕಲಿಸಿದವರು. ಹೆಗಲು ಕೊಡದ ಹ್ಯಾಂಗ ಕುಂದ್ರಲಿ?"

ಅವಳು ಅಂಚಿಗೆ ಸರಿದು ಒಂದು ಲಾರಿಗೆ ದಾರಿ ಬಿಟ್ಟಳು.

"ನಮ್ಮವರು, ನಿಮ್ಮವರು ಅಂತಿಲ್ರಿ. ನಿಮ್ಮ ಸಾವಕಾರ್ರು ತೀರಿಕೊಂಡ ದಿನಾನೂ ಹಂಗ ಕೈಯಾಗಿಂದು ಬಿಟ್ಟು ಬಂದಿದ್ದೆ. ಗುಡಿ ಮುಂದಿನಿಂದ ಹೊಲದತನಕ ನಾನೂ ಹೊತ್ತೀನಿ."

ಸ್ಕೂಟಿಯ ವೇಗ ತುಸು ಇಳಿದು ಮತ್ತೆ ಏರಿತು. ಆ ದಿನ ಯಾರು ಹೊತ್ತರು, ಯಾರು ಬಂದರು ಎಂಬುದು ಅವಳಿಗೆ ತಿಳಿದಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವಳು ಕೇಳಿರಲೂ ಇಲ್ಲ.

ರಾಜೇಶ್ವರದ ಹತ್ತಿರ ರಸ್ತೆಯ ಬದಿಗೆ ಜನ ಗುಂಪುಗೂಡಿದ್ದರು. ಬೆನ್ನುಗಳು, ಬಗ್ಗಿದ ತಲೆಗಳು. ವಿದ್ಯಾವತಿಯ ಕೈ ತಾನಾಗಿ ಬ್ರೇಕು ಹಿಡಿಯಿತು. ಹಿಂದೆ ಸೈಫುದ್ದೀನ್ "ಯಾ ಅಲ್ಲಾ" ಎಂದ. ಗುಂಪು ಸರಿಯಿತು, ಒಳಗೆ ಪೇರಲದ ಬುಟ್ಟಿಗಳು, ತಕ್ಕಡಿ ಹಿಡಿದ ಹೆಂಗಸು. ಇಬ್ಬರೂ ಮುಂದೆ ಹೋದರು.

ರಾಜೇಶ್ವರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕವು. ಎರಡೆರಡು ಟ್ರಾಲಿ ಕಟ್ಟಿಕೊಂಡು ಬಸುರಿ ಎಮ್ಮೆಗಳ ಹಾಗೆ ಸಾಗಿದ್ದವು. ಒಂದು ಟ್ರಾಲಿ ಕೆಟ್ಟು ನಿಂತು ಅರ್ಧ ರಸ್ತೆ ಬಂದಾಗಿತ್ತು. ಹಿಂದೆ ಬಸ್ಸು, ಲಾರಿ, ಕಾರುಗಳ ಸಾಲು ತೆವಳುತ್ತಿತ್ತು. ಆ ಸಾಲಿನಲ್ಲಿ ಜೀಪು ಇತ್ತು.

ವಿದ್ಯಾವತಿ ಮೊದಲು ನೋಡಿದ್ದು ಅದರ ಎಡಗಡೆಯ ಹಿಂದಿನ ಗಾಲಿಯನ್ನು. ಅದು ನೆಟ್ಟಗೆ ಉರುಳುತ್ತಿರಲಿಲ್ಲ. ಒಲ್ಲೆ, ಒಲ್ಲೆ ಎಂದು ತಲೆ ಅಲ್ಲಾಡಿಸುತ್ತಿತ್ತು.

"ನೋಡ್ರಿ" ಎಂದ ಸೈಫುದ್ದೀನ್.

ಅಷ್ಟರಲ್ಲಿ ಮುಂದೆ ದಾರಿ ತೆರೆಯಿತು. ಬಸ್ಸು ಎದ್ದು ಹೋಯಿತು. ಜೀಪಿನ ಬಲಗಡೆಯ ದೀಪ ಮಿಣಮಿಣ ಎನ್ನತೊಡಗಿತು. ಗುರುನಾಥ ಟ್ರಾಲಿಗಳನ್ನು ದಾಟಿ ಓಡಿಸಲು ತಯಾರಾಗುತ್ತಿದ್ದ. ವಿದ್ಯಾವತಿ ಹಾರ್ನು ಒತ್ತಿದಳು. ಅಲ್ಲಿ ಎಲ್ಲರೂ ಹಾರ್ನು ಒತ್ತುತ್ತಿದ್ದರು. ಅವಳು ಲಾರಿಯ ಎಡಗಡೆಯ ಮಣ್ಣಿಗೆ ಸ್ಕೂಟಿ ಇಳಿಸಿ, ಕಲ್ಲಿನ ಮೇಲೆ ಕುಣಿಸುತ್ತ ಮುಂದೆ ನುಗ್ಗಿದಳು. ಹಿಂದಿನ ಕಿಟಕಿಯಲ್ಲಿ ಅತ್ತೆಯ ಸೆರಗು ಕಂಡಿತು. ಅವಳು ಬಾಯಿ ತೆರೆದಳು. ಹೋದ ವರ್ಷದ ಮಾತೇ ಬಾಯಿಗೆ ಬಂತು, ಅದನ್ನು ನುಂಗಿದಳು.

ಜೀಪು ಬಲಕ್ಕೆ ಹೊರಳಿತು.

"ಅತ್ತೀ, ನಿಂದರ್ರಿ."

ಆ ಕೂಗು ತನ್ನದೇ ಎಂದು ಅವಳಿಗೆ ಆಮೇಲೆ ತಿಳಿಯಿತು. ತುಳಜಾಬಾಯಿ ತಿರುಗಿ ನೋಡಿದರು. ಸೊಸೆಯನ್ನು ಕಂಡರು. ಅವರು ಮುಂದೆ ಬಗ್ಗಿ ಮಗನ ಹೆಗಲು ಹಿಡಿದು ಎಳೆದರು. ಜೀಪು ಅಡ್ಡಾದಿಡ್ಡಿ ಬಂದು ರಸ್ತೆಯ ಅಂಚಿಗೆ ನಿಂತಿತು.

ಇಳಿದದ್ದೇ ತುಳಜಾಬಾಯಿ ಅವಳ ತೋಳು ಹಿಡಿದರು.

"ಯಾರಿಗೇನಾತು? ಹೇಳು. ಯಾರಿಗೇನಾತು?"

"ಯಾರಿಗೂ ಏನೂ ಆಗಿಲ್ರಿ" ಎಂದಳು ವಿದ್ಯಾವತಿ. "ಅತ್ತೀ, ನನ್ನ ಕಡೆ ನೋಡ್ರಿ. ಇನ್ನೂ ಏನೂ ಆಗಿಲ್ಲ."

ಸೈಫುದ್ದೀನ್ ಆಗಲೇ ಗಾಲಿಯ ಮುಂದೆ ಕೂತು ಮುಚ್ಚಳ ಎಳೆದಿದ್ದ. ಒಳಗಿನಿಂದ ಒಂದು ನಟ್ಟು ಮಣ್ಣಿಗೆ ಬಿತ್ತು. ಉಳಿದವನ್ನು ಅವನು ಬೆರಳಿನಿಂದ ತಿರುಗಿಸಿದ, ತಿರುಗಿದವು. ಎಲ್ಲರೂ ಅವನ ಬೆರಳನ್ನೇ ನೋಡುತ್ತ ನಿಂತರು.

"ಆಗಿನಿಂದ ಕಟಕಟ ಅನ್ನಾಕತ್ತಿತ್ತು" ಎಂದರು ಮಹಾರುದ್ರಪ್ಪ ನಿಧಾನವಾಗಿ. "ತಾಟು ಬಡೀಲಾಕತ್ತಾವಂತ ನಿಮ್ಮತ್ತಿ ನಡುವ ಟವೆಲ್ ತುರುಕಿದ್ಳು. ಆದ್ರೂ ಸಪ್ಪಳ ನಿಂದ್ರಲಿಲ್ಲ. ನಿನ್ನ ಕಿವಿ ಬಾಳ ಚುರುಕಾತು ಅಂತ ಆಕಿಗೆ ನಾನ ಬೈದೆ."

ಗುರುನಾಥ ಸೈಫುದ್ದೀನನ ಅಂಗಿಯ ಕಾಲರು ಹಿಡಿದ. "ಏನು ಕೆಲಸಲೇ ಇದು? ಮಂದಿ ಜೀವ ಅಂದ್ರ ಆಟ ಮಾಡೀಯೇನು?"

ಸೈಫುದ್ದೀನ್ ಕೈ ಬಿಡಿಸಿಕೊಳ್ಳಲಿಲ್ಲ, ಮಯ್ಯತ್ತಿನ ಮಾತೂ ಎತ್ತಲಿಲ್ಲ.

"ಬಿಡು ಗುರುನಾಥ" ಎಂದಳು ವಿದ್ಯಾವತಿ. "ನೀ ಕೇಳಿದಾಗ ಹೂಂ ಅಂದಾಕಿ ನಾನು. ಮೊದಲು ಗಾಲಿ ಬಿಗಿ ಮಾಡ್ಲಿ."

ಅವನು ಬಿದ್ದ ನಟ್ಟನ್ನೂ ತಿರುಗಿ ಹಾಕಿದ. ಒಂದೊಂದು ನಟ್ಟಿಗೂ ಪಾನಾ ಹಚ್ಚಿ ಮೇಲೆ ಹತ್ತಿ ನಿಂತ. ಕಟ್. ಕಟ್. ತೃಪ್ತಿಯಾಗದೆ ಇನ್ನೊಂದು ಸುತ್ತು ಹಾಕಿದ. ಬಲಗಡೆಯದನ್ನೂ, ಯಾರೂ ಹೇಳದಿದ್ದರೂ ಮುಂದಿನವನ್ನೂ ನೋಡಿದ. ಎದ್ದಾಗ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ಸೈಫುದ್ದೀನ್" ಎಂದಳು ವಿದ್ಯಾವತಿ. "ಹ್ವಾದ ವರ್ಷ, ನಮ್ಮನಿಯವರು ತೀರಿಕೊಂಡ ದಿನ. ಕೈಯಾಗಿಂದು ಬಿಟ್ಟು ಬಂದೆ ಅಂದ್ರಲ್ಲ. ಅವತ್ತು ಜಾಕ್ ಮ್ಯಾಲೆ ಯಾರ ಗಾಡಿ ಇತ್ತು?"

ಅವನು ಅವಳನ್ನೇ ನೋಡಿದ. ಪಾನಾ ಈ ಕೈಯಿಂದ ಆ ಕೈಗೆ ಬಂತು.

"ನೆನಪಿಲ್ರೀ ಅಕ್ಕಾ."

"ಯಾರು ಮುಗಿಸಿದ್ರು?"

"ನೆನಪಿಲ್ರಿ."

ಅವನು ರಸ್ತೆ ದಾಟಿ, ಕಲ್ಯಾಣದ ಬಸ್ಸಿಗೆ ಕಾಯುತ್ತ ಆ ಬದಿಗೆ ನಿಂತ. ಫೋನು ತೆಗೆದು ಕಿವಿಗೆ ಹಚ್ಚಿದ್ದು ಈ ಬದಿಗೆ ಕಾಣುತ್ತಿತ್ತು. ಮಾತು ಕೇಳಿಸಲಿಲ್ಲ. ಸತೀಶನನ್ನೇ ಕೇಳುತ್ತಿರಬೇಕು. ವಿದ್ಯಾವತಿಗೆ ಆ ಕಾಣದ ಗಾಡಿ ಕಣ್ಣ ಮುಂದೆ ಬಂತು: ಒಳಗೆ ಯಾರೋ ಇದ್ದರು, ಎಲ್ಲಿಗೋ ಹೊರಟಿದ್ದರು. ಆ ದಿನ ತನ್ನ ಮನೆಯ ಹೊರಗೂ ಲೋಕವಿತ್ತು ಎಂಬುದು ಅವಳಿಗೆ ಮೊದಲ ಸಲ ಹೊಳೆಯಿತು. ಎದೆಯಲ್ಲಿ ಏನೋ ನೋಯಿತು. ಬಹಳ ದಿನದ ಮೇಲೆ ನೋಯಿತು.

ತುಳಜಾಬಾಯಿ ಜೀಪು ಹತ್ತಿದವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಅವರು ಬೈಯುತ್ತಾರೋ, ತಿರುಗಿ ಹೋಗು ಎನ್ನುತ್ತಾರೋ ಗೊತ್ತಾಗುವಂತಿರಲಿಲ್ಲ.

"ಆ ಗೋಣಿಗಂಟು ಇಲ್ಲಿ ಕೊಡು" ಎಂದರು. "ನೀ ನಮ್ಮ ಹಿಂದ ಬಾ. ಗಾಲಿ ಕಾಣೋ ಹಂಗ ಬಾ."

ಜೀಪು ಸಾವಕಾಶ ಹೊರಟಿತು. ವಿದ್ಯಾವತಿ ಹಿಂದೆ ಹೋದಳು, ಕಣ್ಣು ಎಡಗಡೆಯ ಗಾಲಿಯ ಮೇಲೆ. ಈಗ ಅದು ನೆಟ್ಟಗೆ ಉರುಳುತ್ತಿತ್ತು. ಆದರೂ ಇನ್ನೊಮ್ಮೆ ನಿಲ್ಲಿಸಬೇಕು. ಹುಮನಾಬಾದು ಬರುವುದರೊಳಗೆ ಇನ್ನೊಮ್ಮೆ ಹಿಂದಿನಿಂದ ಕರೆಯಬೇಕು. ಹೇಗೆ ಕರೆಯಲಿ ಎಂದು ಅವಳು ಮಾತು ಹೊಂದಿಸಿಕೊಳ್ಳುತ್ತಿದ್ದಳು. ಹಾರ್ನಿಗೆ ಹೆಬ್ಬೆರಳು ಹೋಗುವ ಮೊದಲೇ ಜೀಪಿನ ಎಡದೀಪ ಮಿಣುಕಿತು. ಒಂದು ಬೇವಿನ ಮರದಡಿ ಅದು ತಾನಾಗಿ ನಿಂತಿತು.

ತುಳಜಾಬಾಯಿ ಇಳಿದರು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿದ್ದರು. ಗೋಣಿತಟ್ಟು ಬಿಚ್ಚಿ ಹಿರಿಯ ಮಗನ ಪಾನಾ ಸೊಸೆಯ ಕೈಗೆ ಕೊಟ್ಟರು.

ವಿದ್ಯಾವತಿ ಮೊದಲ ನಟ್ಟಿಗೆ ಅದನ್ನು ಹಚ್ಚಿ, ಜೀಪಿನ ಮೈ ಹಿಡಿದುಕೊಂಡು, ಮೇಲೆ ಹತ್ತಿ ನಿಂತಳು. ಹೋಗುವ ಬಸ್ಸಿನವರು ನೋಡಿದರು.

"ತಿರುಗಿತೇನ?" ಎಂದರು ತುಳಜಾಬಾಯಿ.

"ತುಸು ತಿರುಗಿತ್ರಿ."

"ಹಂಗಾರ ಇನ್ನೊಮ್ಮಿ ನಿಂದ್ರು."

ಅವಳು ಇನ್ನೊಮ್ಮೆ ನಿಂತಳು. ಕಟ್ ಎಂದಿತು.